ಬಾಸ್ ಗಿಟಾರಿನಲ್ಲಿ ಸೊರಗುವ ಸ್ವರ

1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ಹೊರತಂದ ಮಾದರಿಯ ಬಾಸ್ ಗಿಟಾರುಗಳಲ್ಲಿ ಒಂದು ವೈಚಿತ್ರ್ಯವುಂಟು. ತೆಳುವಾದ 'ಜಿ' ತಂತಿಯನ್ನು ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳಲ್ಲಿ 5ರಿಂದ 7ನೆಯದರ ಆಸುಪಾಸಿನಲ್ಲಿ ಒತ್ತಿ ಮೀಟಿದರೆ, ಹಲವೊಮ್ಮೆ ಸ್ವರವು ಸ್ಪಷ್ಟವಾಗಿ ಹುಟ್ಟಿಯೂ ನೆರೆಯ ಸ್ವರಗಳಿಗಿಂತ ಬೇಗನೆ ಅಡಗಿಹೋಗುತ್ತದೆ. ಮೆಟ್ಟಿಲನ್ನು ದೂಷಿಸಿ ಅರದಿಂದ ಉಜ್ಜುವ ಮುನ್ನ ಕಾರಣವನ್ನು ಪರೀಕ್ಷಿಸೋಣ. ಉಜ್ಜಿಹೋದ ಲೋಹ ಮರಳಿ ಬಾರದು.

ಮೆಟ್ಟಿಲುಗಳು ಏರುಪೇರಾಗಿದ್ದರೆ ತಂತಿಯು ತಗಲಿ ಕರಕರ ಸದ್ದು ಕೇಳಿಸುತ್ತದೆ. ಅದಿಲ್ಲವಾದರೆ, ತಂತಿಯ ಶ್ರುತಿಯನ್ನು ಅರ್ಧಸ್ವರದಷ್ಟು ಇಳಿಸಿ ಮತ್ತೆ ಮೀಟೋಣ. ದೋಷವು ಅದೇ ಮೆಟ್ಟಿಲಿನಲ್ಲಿ ಉಳಿದರೆ ಮೆಟ್ಟಿಲನ್ನೇ ಶಂಕಿಸಬೇಕು. ಮುಂದಿನ ಮೆಟ್ಟಿಲಿಗೆ ಸರಿದರೆ, ಅದು ಕಂಪನಸಂಖ್ಯೆಗೆ ಅಂಟಿಕೊಂಡ ದೋಷ. 6ನೆಯ ಮೆಟ್ಟಿಲಿನ ಸ್ವರಕ್ಕೆ ಸೆಕೆಂಡಿಗೆ ಸುಮಾರು 139 ಕಂಪನಗಳು. ಮರದ ಕತ್ತಿನ ಸಹಜ ಕಂಪನಸಂಖ್ಯೆಯೂ ಇದಕ್ಕೆ ಸಮೀಪವಾಗಿದ್ದಾಗ, ಅನುರಣನೆಯಿಂದ ಕತ್ತು ತಾನೂ ಕಂಪಿಸಿ ತಂತಿಯ ಶಕ್ತಿಯನ್ನು ಹೀರಿಬಿಡುತ್ತದೆ.

ಇನ್ನೊಂದು ಪರೀಕ್ಷೆಯುಂಟು. ಬಿರಡೆಗಳಿರುವ ತುದಿಗೆ ಸಣ್ಣ ಕ್ಲ್ಯಾಂಪೊಂದನ್ನು ಬಿಗಿದರೆ, ಭಾರ ಹೆಚ್ಚಿ ಕತ್ತಿನ ಕಂಪನಸಂಖ್ಯೆ ತಗ್ಗುತ್ತದೆ. ಸೊರಗುವ ಸ್ವರವೂ ಕೆಳಕ್ಕೆ ಸರಿದರೆ ನಿದಾನ ನಿಶ್ಚಿತ. ಕತ್ತು ಎಲ್ಲೆಡೆಯೂ ಒಂದೇ ಸಮನಾಗಿ ಅಲುಗುವುದಿಲ್ಲ; ಆದ್ದರಿಂದ ಅದೇ ಸ್ವರವನ್ನು 'ಡಿ' ತಂತಿಯ 11ನೆಯ ಮೆಟ್ಟಿಲಿನಲ್ಲಿ ನುಡಿಸಿದರೆ ಅನೇಕ ವೇಳೆ ಅದು ದೀರ್ಘವಾಗಿ ನಿಲ್ಲುತ್ತದೆ. ಅರವು ಪೆಟ್ಟಿಗೆಯಲ್ಲಿಯೇ ಇರಲಿ.