ಅಂತರ್ಜಾಲದ ನಕ್ಷೆಯೂ ಮಲೆನಾಡಿನ ದಾರಿಯೂ

ಭಾರತೀಯ ಸರ್ವೇಕ್ಷಣಾ ಇಲಾಖೆಯು 1767ರಲ್ಲಿ ಸ್ಥಾಪಿತವಾಯಿತು. ಅಂದಿನಿಂದ ಬಹುಕಾಲದವರೆಗೆ ನಕ್ಷೆಯನ್ನು ರಚಿಸುವವರು ಬೇರೆ, ಬಳಸುವವರು ಬೇರೆ ಎಂಬುದೇ ರೂಢಿಯಾಗಿತ್ತು. ಸರಪಳಿ, ಥಿಯೊಡೊಲೈಟುಗಳನ್ನು ಹೊತ್ತ ಸಿಬ್ಬಂದಿ ಬೆಟ್ಟವೇರಿ ಅಳೆದು ಹೋದ ಮೇಲೆ ಹಾಳೆ ಅಚ್ಚಾಗಿ ಬರಬೇಕು. ಅದರಲ್ಲಿ ತಪ್ಪು ಕಂಡರೆ ಮುಂದಿನ ಮುದ್ರಣದವರೆಗೆ ಕಾಯಬೇಕು. ಅಂತರ್ಜಾಲವು ಈ ಕ್ರಮವನ್ನೇ ಬದಲಿಸಿದೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಯಾರು ಬೇಕಾದರೂ ತಮ್ಮ ಊರಿನ ದಾರಿಯನ್ನು ಗುರುತಿಸಬಹುದು, ತಪ್ಪನ್ನು ತಿದ್ದಬಹುದು.

ಇದರ ಮಹತ್ವವನ್ನು ಅರಿಯಲು ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಸುತ್ತಿನ ಸೀಮೆಯನ್ನು ನೋಡಬೇಕು. ಬಯಲುಸೀಮೆಯ ಹಳ್ಳಿಗಳಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಕಣಿವೆಯಲ್ಲಿ ಅಡಕೆ ತೋಟ, ಅದರ ಅಂಚಿನಲ್ಲಿ ನಾಲ್ಕಾರು ಮನೆ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹಳ್ಳ. ಕೃತಕ ಉಪಗ್ರಹವು ತೆಗೆದ ಚಿತ್ರದಲ್ಲಿ ಡಾಂಬರು ರಸ್ತೆ ಕಂಡೀತು. ಮರಗಳಡಿಯ ಕಾಲುದಾರಿ, ಹಳ್ಳಕ್ಕೆ ಹಾಕಿದ ಸಂಕ, ಬೇಲಿಯ ದಣಪೆ ಇವೊಂದೂ ಕಾಣವು. ಕಾಣುವುದು ಹಸುರು ಮಾತ್ರ.

ಮೊಬೈಲು ಫೋನು ಉಪಗ್ರಹಗಳಿಂದ ತನ್ನ ಸ್ಥಾನವನ್ನು ನಿರ್ಣಯಿಸಲು ಸಾಮಾನ್ಯವಾಗಿ ನಾಲ್ಕು ಉಪಗ್ರಹಗಳ ಸಂಕೇತಗಳಾದರೂ ದೊರೆಯಬೇಕು. ಗುಡ್ಡಗಳು ಅವನ್ನು ತಡೆಯುತ್ತವೆ, ದಟ್ಟ ಎಲೆಗಳು ಕ್ಷೀಣಗೊಳಿಸುತ್ತವೆ. ಗುರುತು ಹಲವು ಮೀಟರು ಸರಿಯುತ್ತದೆ. ಬಯಲಿನಲ್ಲಿ ಇದು ಅಲ್ಪ ದೋಷ. ಹಳ್ಳದ ಬಳಿಯಲ್ಲಾದರೋ ಆಚೆ ದಡವೊ ಈಚೆ ದಡವೊ ಎಂಬುದೇ ಸಂಶಯ. ಕರ್ನಾಟಕ ಸರ್ಕಾರದ ದಿಶಾಂಕ್ ಎಂಬ ಸಾಧನವು ನಾವು ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ, ಬಹಳ ಉಪಯುಕ್ತವಾದುದು. ಆದರೆ ಬೇಲಿಯ ಜಗಳವನ್ನು ಅದರಿಂದ ತೀರಿಸಹೊರಡುವುದು ಅವಿವೇಕ.

ಇನ್ನು ದಾರಿ ತೋರಿಸುವ ಕ್ರಮ. ಗಣಕಯಂತ್ರಕ್ಕೆ ದಾರಿಯೆಂದರೆ ಎರಡು ಬಿಂದುಗಳನ್ನು ಕೂಡಿಸುವ ಗೆರೆ. ಪ್ರತಿಯೊಂದು ಗೆರೆಯನ್ನು ದಾಟಲು ಇಂತಿಷ್ಟು ಹೊತ್ತೆಂದು ಲೆಕ್ಕಹಾಕಿ, ಒಟ್ಟು ಕಾಲವು ಅತ್ಯಲ್ಪವಾಗುವ ಸಾಲನ್ನು ಅದು ಆರಿಸುತ್ತದೆ. ಬೇಸಗೆಯಲ್ಲಿ ಜೀಪು ದಾಟುವ ಹಳ್ಳವು ಆಷಾಢದಲ್ಲಿ ತುಂಬಿ ಹರಿಯುವುದನ್ನು ಯಾರೂ ದಾಖಲಿಸದಿದ್ದರೆ, ಮಳೆಗಾಲದಲ್ಲಿಯೂ ಅದೇ ದಾರಿಯನ್ನು ತೋರಿಸೀತು. ರೋಗಿಯನ್ನು ಒಯ್ಯಲು ಬರುವ ವಾಹನದ ಚಾಲಕನು ಪರಸ್ಥಳದವನಾದರೆ ಈ ಲೋಪವು ಪ್ರಾಣಕ್ಕೇ ಎರವಾಗಬಹುದು. ಇಲ್ಲಿ ಸೇತುವೆಯಿಲ್ಲ, ನೀರಿನಲ್ಲಿಯೇ ಹಾಯಬೇಕು, ಈ ದಾರಿ ಬೇಸಗೆಗೆ ಮಾತ್ರ ಎಂದು ಗೆರೆಯೊಡನೆ ಸೂಚಿಸುವ ಅನುಕೂಲವು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಉಂಟು. ಮುಂಗಾರಿನಲ್ಲಿ ಮೋಡ ಕವಿದಿರುವುದರಿಂದ ಉಪಗ್ರಹದ ಛಾಯಾಚಿತ್ರವು ತುಂಬಿದ ಹಳ್ಳವನ್ನು ಹಿಡಿಯುವುದು ವಿರಳ. ಆ ಸಂಗತಿಯನ್ನು ಬಲ್ಲವರು ಅದೇ ದಾರಿಯಲ್ಲಿ ಶಾಲೆಗೆ ನಡೆಯುವವರು.