ಸೂರ್ಯನನ್ನು ಸವರಿ ಹೋಗುವ ಧೂಮಕೇತುಗಳು

ಮಳೆಗಾಲದ ಸಂಜೆ ದೀಪ ಹೊತ್ತಿಸಿದೊಡನೆ ಹುಳುಗಳು ಬಂದು ಅದನ್ನು ಮುತ್ತುವುದನ್ನೂ, ಕೆಲವು ಉರಿಗೆ ಸಿಕ್ಕಿ ಸುಟ್ಟುಹೋಗುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಸೌರವ್ಯೂಹದ ಮಹಾದೀಪವಾದ ಸೂರ್ಯನ ಬಳಿಗೂ ಹೀಗೆ ಬಂದು ನಾಶವಾಗುವ ಕಾಯಗಳುಂಟು. ಅವು ಧೂಮಕೇತುಗಳಲ್ಲಿ ಒಂದು ವಿಶೇಷ ವರ್ಗ. ಸರಾಸರಿ ಎರಡು ಮೂರು ದಿನಗಳಿಗೊಂದರಂತೆ ಇಂತಹ ಸಣ್ಣ ಧೂಮಕೇತುಗಳು ಸೂರ್ಯನ ಸಮೀಪದಲ್ಲಿ ಆವಿಯಾಗಿ ಹೋಗುತ್ತವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅದಕ್ಕಿಂತಲೂ ಆಶ್ಚರ್ಯದ ಸಂಗತಿ ಮತ್ತೊಂದಿದೆ. ಇವುಗಳಲ್ಲಿ ಹೆಚ್ಚಿನವನ್ನು ಮೊದಲು ಗುರುತಿಸಿದವರು ವೇಧಶಾಲೆಯ ಪಂಡಿತರಲ್ಲ; ಶಾಲೆಯ ಉಪಾಧ್ಯಾಯರು, ಕಾಲೇಜಿನ ವಿದ್ಯಾರ್ಥಿಗಳು, ಬೇರೆ ಕಸುಬಿನಲ್ಲಿದ್ದು ಬಿಡುವಿನ ವೇಳೆಯಲ್ಲಿ ಆಕಾಶವನ್ನು ಅಭ್ಯಸಿಸುವ ಹವ್ಯಾಸಿಗಳು. ಅವರು ನೋಡುತ್ತಿರುವುದು ನಿಜವಾಗಿ ಏನನ್ನು, ಅದನ್ನು ನೋಡುವುದು ಹೇಗೆ ಸಾಧ್ಯವಾಯಿತು ಎಂಬುದನ್ನು ಈಗ ಪರಿಶೀಲಿಸೋಣ.

ಬೀಳುವುದೋ, ಸುತ್ತುವುದೋ?

ಧೂಮಕೇತುವೆಂದರೆ ಮಂಜುಗಡ್ಡೆ, ಧೂಳು, ಕಲ್ಲುಪುಡಿ ಇವು ಸಡಿಲವಾಗಿ ಬೆರೆತ ಮುದ್ದೆ. ಸೂರ್ಯನಿಂದ ಬಹು ದೂರವಿರುವಾಗ ಅದಕ್ಕೆ ಬಾಲವೂ ಇಲ್ಲ, ಹೊಳಪೂ ಇಲ್ಲ. ಸಮೀಪಕ್ಕೆ ಬಂದಂತೆ ಮಂಜು ಆವಿಯಾಗಿ, ಧೂಳನ್ನೂ ಹೊತ್ತು ಹೊರಚಿಮ್ಮುತ್ತದೆ. ಈ ಆವಿ ಮತ್ತು ಧೂಳೇ ತಲೆಯಾಗಿ, ಬಾಲವಾಗಿ ನಮಗೆ ಕಾಣುತ್ತವೆ. ಧೂಮಕೇತುವಿನ ಕಕ್ಷೆ ಸಾಮಾನ್ಯವಾಗಿ ಬಹಳ ಉದ್ದವಾದ ದೀರ್ಘವೃತ್ತ. ಅದರಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದುವನ್ನು ಪುರರವಿಯೆಂದೂ ಅತಿ ದೂರದ ಬಿಂದುವನ್ನು ಅಪರವಿಯೆಂದೂ ಕರೆಯುತ್ತಾರೆ.

ಸೂರ್ಯನಿಗೆ ನೇರವಾಗಿ ಬೀಳುವುದು ಯಾವ ಕಾಯಕ್ಕೂ ಸುಲಭವಲ್ಲ. ಭೂಮಿಯನ್ನೇ ನೋಡಿರಿ. ಸೂರ್ಯನು ಅದನ್ನು ಸದಾ ತನ್ನತ್ತ ಸೆಳೆಯುತ್ತಿದ್ದರೂ, ಅಡ್ಡಲಾಗಿ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವುದರಿಂದ ಅದು ಬೀಳದೆ ಸುತ್ತುತ್ತಲೇ ಇದೆ. ಸೂರ್ಯನ ಮೈಯ ತನಕ ಬರಬೇಕಾದ ಕಾಯಕ್ಕೆ ಈ ಅಡ್ಡ ವೇಗ ಬಹುಮಟ್ಟಿಗೆ ಇಲ್ಲವಾಗಿರಬೇಕು.

ಇದನ್ನು ೧೮೮೨ರ ಮಹಾ ಧೂಮಕೇತುವಿನ ಉದಾಹರಣೆಯಿಂದ ತಿಳಿಯೋಣ. ಪುರರವಿಯಲ್ಲಿ ಅದು ಸೂರ್ಯನ ಕೇಂದ್ರದಿಂದ ಸುಮಾರು ೧೧ ಲಕ್ಷ ೬೦ ಸಾವಿರ ಕಿಲೋಮೀಟರ್ ದೂರದಲ್ಲಿತ್ತು. ಸೂರ್ಯನ ತ್ರಿಜ್ಯವೇ ಸುಮಾರು ೭ ಲಕ್ಷ ಕಿಲೋಮೀಟರ್ ಆದುದರಿಂದ, ಸೂರ್ಯನ ಮೇಲ್ಮೈಯಿಂದ ಅದರ ಅಂತರ ಐದು ಲಕ್ಷ ಕಿಲೋಮೀಟರಿಗೂ ಕಡಿಮೆ. ಅಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೪೮೦ ಕಿಲೋಮೀಟರ್. ಅದರ ಅಪರವಿಯಾದರೋ ಭೂಮಿಗೂ ಸೂರ್ಯನಿಗೂ ಇರುವ ದೂರದ ಸುಮಾರು ೧೬೫ ಪಟ್ಟು. ನೆಪ್ಚೂನ್ ಗ್ರಹಕ್ಕಿಂತ ಐದು ಪಟ್ಟಿಗೂ ಹೆಚ್ಚು ದೂರ. ಪುರರವಿ ಅಪರವಿಗಳಲ್ಲಿ ದೂರ ಮತ್ತು ವೇಗಗಳ ಗುಣಲಬ್ಧ ಒಂದೇ ಆಗಿರಬೇಕೆಂಬುದು ಕೆಪ್ಲರನ ಎರಡನೆಯ ನಿಯಮದಿಂದ ಬರುವ ಫಲ. ಇಲ್ಲಿ ದೂರ ಸುಮಾರು ೨೧,೦೦೦ ಪಟ್ಟು ಹೆಚ್ಚಿದೆ. ಆದುದರಿಂದ ವೇಗ ಅಷ್ಟೇ ಪಟ್ಟು ತಗ್ಗಬೇಕು. ಭಾಗಿಸಿ ನೋಡಿದರೆ ದೊರೆಯುವುದು ಸೆಕೆಂಡಿಗೆ ಸುಮಾರು ೨೩ ಮೀಟರ್, ಅಂದರೆ ಗಂಟೆಗೆ ಸುಮಾರು ೮೦ ಕಿಲೋಮೀಟರ್! ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗ ಇದಕ್ಕೇನೂ ಕಡಿಮೆಯಲ್ಲ. ಅಪರವಿಯಲ್ಲಿ ಬಸ್ಸಿನ ವೇಗದಲ್ಲಿ ತೆವಳುವ ಕಾಯವೇ ಸೂರ್ಯನ ಬಳಿಗೆ ಬರುವಾಗ ಈ ಭಯಂಕರ ವೇಗವನ್ನು ತಾಳುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುವುದು. ಈ ಧೂಮಕೇತುಗಳು ಸಾಮಾನ್ಯವಾಗಿ ಸೂರ್ಯನೊಳಕ್ಕೆ ಬೀಳುವುದಿಲ್ಲ. ಅವುಗಳ ಕಕ್ಷೆ ಸೂರ್ಯನ ಮೈಯನ್ನು ಸವರಿದಂತೆ ಬಳಸಿ ಹೊರಕ್ಕೆ ಹೋಗುತ್ತದೆ. ದೊಡ್ಡವು ಹೇಗೋ ಈ ತಿರುವನ್ನು ದಾಟಿ ಹಿಂದಿರುಗುತ್ತವೆ. ಕೆಲವೇ ಮೀಟರುಗಳಿಂದ ಹತ್ತಾರು ಮೀಟರುಗಳಷ್ಟು ಅಗಲದ ಸಣ್ಣವು ತಿರುವನ್ನು ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತವೆ. ‘ಸೂರ್ಯನಿಗೆ ಬಿದ್ದಿತು’ ಎಂದು ನಾವು ಹೇಳುವುದು ಈ ಅರ್ಥದಲ್ಲಿಯೇ.

ಒಂದೇ ಮನೆತನದ ಮಕ್ಕಳು

ಸೂರ್ಯನನ್ನು ಸವರಿ ಹೋದ ಧೂಮಕೇತುಗಳಲ್ಲಿ ೧೬೮೦ರದು ಪ್ರಸಿದ್ಧವಾದುದು. ಜರ್ಮನಿಯ ಗಾಟ್‌ಫ್ರೀಡ್ ಕಿರ್ಖ್ ಅದನ್ನು ದೂರದರ್ಶಕದಿಂದ ಕಂಡುಹಿಡಿದನು. ಸೂರ್ಯನತ್ತ ಹೋದ ಧೂಮಕೇತು ಒಂದು, ಸೂರ್ಯನ ಕಡೆಯಿಂದ ಬಂದುದು ಇನ್ನೊಂದು ಎಂದು ಆಗ ಅನೇಕರು ಭಾವಿಸಿದ್ದರು. ಎರಡೂ ಒಂದೇ, ಅದು ಸೂರ್ಯನನ್ನು ಬಳಸಿ ಬಂದಿದೆ ಎಂಬುದು ಅನಂತರ ಸ್ಥಿರಪಟ್ಟಿತು. ನ್ಯೂಟನ್ನನು ೧೬೮೭ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯ’ ಗ್ರಂಥದಲ್ಲಿ ಅದರ ಪಥವನ್ನು ಗುರುತ್ವ ನಿಯಮದಿಂದ ಗಣಿಸಿ ತೋರಿಸಿದನು.

ಹತ್ತೊಂಬತ್ತನೆಯ ಶತಮಾನದಲ್ಲಿ ೧೮೪೩, ೧೮೮೦, ೧೮೮೨ನೆಯ ವರ್ಷಗಳಲ್ಲಿ ಹೀಗೆಯೇ ಸೂರ್ಯನನ್ನು ಸವರುವ ಮೂರು ಧೂಮಕೇತುಗಳು ಬಂದುವು. ಜರ್ಮನ್ ಖಗೋಲಜ್ಞ ಹೈನ್ರಿಖ್ ಕ್ರೊಯ್ಟ್ಸ್ ಇವುಗಳ ಕಕ್ಷೆಗಳನ್ನು ಗಣಿಸಿ ನೋಡಿದಾಗ ಮೂರೂ ಹೆಚ್ಚು ಕಡಿಮೆ ಒಂದೇ ದಾರಿಯಲ್ಲಿ ಬಂದುದು ಕಂಡಿತು. ಆದರೆ ಮೂರೂ ಒಂದೇ ಧೂಮಕೇತುವಿನ ಮರುಭೇಟಿಗಳಾಗಿರಲಿಲ್ಲ; ಪ್ರತಿಯೊಂದಕ್ಕೂ ಸುತ್ತಿ ಬರಲು ನೂರಾರು ವರ್ಷಗಳು ಬೇಕು. ಹಾಗಾದರೆ ಇವು ಹಿಂದೆ ಎಂದೋ ಒಡೆದ ಒಂದು ದೊಡ್ಡ ಧೂಮಕೇತುವಿನ ಚೂರುಗಳಾಗಿರಬೇಕು. ೧೮೮೨ರ ಧೂಮಕೇತು ಪುರರವಿಯ ಬಳಿಕ ಎಲ್ಲರ ಕಣ್ಣೆದುರಿಗೇ ಹಲವು ಚೂರುಗಳಾಗಿ ಈ ಊಹೆಗೆ ಬಲವಾದ ಆಧಾರವನ್ನು ಒದಗಿಸಿತು. ಆ ಚೂರುಗಳು ಹಿಂದಿರುಗುವ ಅವಧಿ ಒಂದಕ್ಕೆ ಸುಮಾರು ೬೭೦ ವರ್ಷಗಳಾದರೆ, ಇನ್ನೊಂದಕ್ಕೆ ಸುಮಾರು ೯೫೦ ವರ್ಷಗಳು.

ಒಟ್ಟಿಗೇ ಒಡೆದ ಚೂರುಗಳಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ? ಪುರರವಿಯಲ್ಲಿ ಸೆಕೆಂಡಿಗೆ ಒಂದು ಮೀಟರಿನಷ್ಟು, ಎಂದರೆ ನಿಧಾನವಾಗಿ ನಡೆಯುವ ಮನುಷ್ಯನ ವೇಗದಷ್ಟು ವ್ಯತ್ಯಾಸವುಂಟಾದರೂ ಸಾಕು, ಇಂತಹ ಉದ್ದನೆಯ ಕಕ್ಷೆಯಲ್ಲಿ ಮರಳಿ ಬರುವ ಕಾಲ ಸುಮಾರು ನೂರು ವರ್ಷ ಹಿಂದು ಮುಂದಾಗುತ್ತದೆ. ಮುಂದಿನ ಸುತ್ತಿನಲ್ಲಿ ಆ ಚೂರುಗಳೂ ಒಡೆಯುತ್ತವೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಚೂರಾಗುತ್ತ, ಒಂದರ ಹಿಂದೊಂದು ಸಾಲಾಗಿ ಬರುತ್ತಿರುವ ಈ ಮನೆತನಕ್ಕೆ ಕ್ರೊಯ್ಟ್ಸ್ ಗುಂಪೆಂದು ಹೆಸರು.

ಸೂರ್ಯನನ್ನು ಮರೆಮಾಡಿ ನೋಡುವುದು

ಇಂತಹ ಧೂಮಕೇತುಗಳು ಪ್ರಬಲವಾಗಿದ್ದರೆ ಹಗಲಿನಲ್ಲಿಯೂ ಕಾಣುತ್ತವೆ. ೧೯೬೫ರ ಸೆಪ್ಟೆಂಬರಿನಲ್ಲಿ ಜಪಾನಿನ ಇಬ್ಬರು ಹವ್ಯಾಸಿಗಳು, ಇಕೆಯ ಮತ್ತು ಸೆಕಿ ಎಂಬವರು, ಬೇರೆ ಬೇರೆಯಾಗಿ ಕೆಲವೇ ನಿಮಿಷಗಳ ಅಂತರದಲ್ಲಿ ಕಂಡುಹಿಡಿದ ಧೂಮಕೇತು ಹಾಗಿತ್ತು. ಅವರಲ್ಲಿ ಮೊದಲನೆಯವರು ಪಿಯಾನೋ ಕಾರ್ಖಾನೆಯ ಕೆಲಸಗಾರರು. ಎರಡನೆಯವರು ಗಿಟಾರ್ ಕಲಿಸುವ ಉಪಾಧ್ಯಾಯರು. ಆದರೆ ಸಣ್ಣ ಚೂರುಗಳ ಬೆಳಕು ಸೂರ್ಯಪ್ರಭೆಯಲ್ಲಿ ಪೂರ್ಣವಾಗಿ ಮುಳುಗಿಹೋಗುವುದರಿಂದ ಅವನ್ನು ಭೂಮಿಯಿಂದ ನೋಡಲಾಗುವುದಿಲ್ಲ.

ಇದಕ್ಕೆ ಉಪಾಯವನ್ನು ಸೂರ್ಯಗ್ರಹಣವೇ ಕಲಿಸಿಕೊಟ್ಟಿದೆ. ಚಂದ್ರನು ಸೂರ್ಯಬಿಂಬವನ್ನು ಪೂರ್ತಿಯಾಗಿ ಮುಚ್ಚಿದಾಗ ಸುತ್ತಲಿನ ಮಂದವಾದ ಪ್ರಭಾವಲಯ, ಎಂದರೆ ಕರೋನ, ಕಾಣುವುದಷ್ಟೆ. ಚಂದ್ರನ ಬದಲು ಒಂದು ಬಿಲ್ಲೆಯನ್ನು ಉಪಕರಣದೊಳಗೇ ಅಡ್ಡಲಾಗಿಟ್ಟರೆ ಬೇಕಾದಾಗ ಕೃತಕ ಗ್ರಹಣ ದೊರೆಯುತ್ತದೆ. ಕರೋನಾಗ್ರಾಫ್ ಎಂಬ ಈ ಉಪಕರಣವನ್ನು ಫ್ರಾನ್ಸಿನ ಬೆರ್ನಾರ್ ಲಿಯೊ ೧೯೩೦ರ ಸುಮಾರಿಗೆ ನಿರ್ಮಿಸಿದನು. ಅದನ್ನು ವಾಯುಮಂಡಲದ ಆಚೆಗೆ ಒಯ್ದರೆ ಆಕಾಶದ ಬೆಳಕಿನ ತೊಂದರೆಯೂ ಇಲ್ಲವಾಗುತ್ತದೆ. ೧೯೭೯ರಲ್ಲಿ ಅಮೆರಿಕದ ಒಂದು ಉಪಗ್ರಹದಲ್ಲಿದ್ದ ‘ಸೋಲ್‌ವಿಂಡ್’ ಕರೋನಾಗ್ರಾಫ್ ತೆಗೆದ ಚಿತ್ರಗಳಲ್ಲಿ ಸೂರ್ಯನತ್ತ ಧಾವಿಸುವ ಧೂಮಕೇತುವೊಂದು ಕಂಡುಬಂದಿತು.

ಯುರೋಪು ಮತ್ತು ಅಮೆರಿಕದ ಸಂಸ್ಥೆಗಳು ಸೇರಿ ೧೯೯೫ರ ಡಿಸೆಂಬರ್ ೨ರಂದು ಹಾರಿಸಿದ ‘ಸೋಹೋ’ ವ್ಯೋಮನೌಕೆಯಿಂದ ಈ ಅಧ್ಯಯನದ ಸ್ವರೂಪವೇ ಬದಲಾಯಿತು. ಭೂಮಿಯಿಂದ ಸೂರ್ಯನ ದಿಕ್ಕಿನಲ್ಲಿ ಸುಮಾರು ೧೫ ಲಕ್ಷ ಕಿಲೋಮೀಟರ್ ದೂರದಲ್ಲಿ ಅದನ್ನು ನೆಲೆಗೊಳಿಸಲಾಯಿತು. ಅದರ ಕರೋನಾಗ್ರಾಫುಗಳ ಉದ್ದೇಶ ಸೂರ್ಯನ ಪ್ರಭಾವಲಯವನ್ನು ಅಭ್ಯಸಿಸುವುದು, ಧೂಮಕೇತುಗಳನ್ನು ಹುಡುಕುವುದಲ್ಲ. ಆದರೆ ಚಿತ್ರಗಳನ್ನು ಸಾರ್ವಜನಿಕರಿಗೂ ತೆರೆದಿಟ್ಟುದರಿಂದ, ಜಗತ್ತಿನ ನಾನಾ ಕಡೆಯ ಹವ್ಯಾಸಿಗಳು ತಮ್ಮ ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ಅವನ್ನು ಶೋಧಿಸತೊಡಗಿದರು.

ಚುಕ್ಕೆಯ ಪರೀಕ್ಷೆ

ಈ ಶೋಧನೆ ನೋಟಕ್ಕೆ ಸುಲಭ, ನಡೆಸುವುದಕ್ಕೆ ಕಠಿನ. ವಿಶಾಲ ನೋಟದ ಕರೋನಾಗ್ರಾಫಿನ ಚಿತ್ರವು ೧,೦೨೪ ಸಾಲುಗಳಿಂದಲೂ ಅಷ್ಟೇ ಕಂಬಸಾಲುಗಳಿಂದಲೂ ಆದ ಚಿಕ್ಕ ಚೌಕಗಳ ಹಾಸು. ಸೂರ್ಯನ ದೂರದಲ್ಲಿ ಒಂದೊಂದು ಚೌಕದ ಅಗಲ ಸುಮಾರು ೪೦,೦೦೦ ಕಿಲೋಮೀಟರ್. ಹತ್ತಾರು ಮೀಟರ್ ಅಗಲದ ಮಂಜಿನ ಮುದ್ದೆ ಇದರಲ್ಲಿ ಕಾಣುವ ಮಾತೆಲ್ಲಿ? ಕಾಣುವುದು ಅದರಿಂದ ಹೊರಟು ಹರಡಿದ ಧೂಳು ಮತ್ತು ಆವಿಯ ಮೋಡ ಮಾತ್ರ. ಅದೂ ಒಂದೆರಡು ಚೌಕಗಳ ಮಬ್ಬು ಚುಕ್ಕೆ.

ಅಂತಹ ಚುಕ್ಕೆಗಳಾದರೋ ಪ್ರತಿ ಚಿತ್ರದಲ್ಲಿಯೂ ನೂರಾರು. ವಿಶ್ವಕಿರಣದ ಕಣಗಳು ಉಪಕರಣಕ್ಕೆ ತಾಗಿದಾಗಲೂ ಚುಕ್ಕೆ ಮೂಡುತ್ತದೆ. ಆದರೆ ಅದು ಒಂದು ಚಿತ್ರದಲ್ಲಿದ್ದರೆ ಮುಂದಿನದರಲ್ಲಿ ಇರದು. ನಕ್ಷತ್ರಗಳು ಪ್ರತಿ ಚಿತ್ರದಲ್ಲಿಯೂ ಇರುತ್ತವೆ. ಅವೆಲ್ಲವೂ ಒಟ್ಟಿಗೆ ದಿನಕ್ಕೆ ಒಂದು ಡಿಗ್ರಿಯಷ್ಟು ಎಡದಿಂದ ಬಲಕ್ಕೆ ಸರಿಯುತ್ತವೆ. ಧೂಮಕೇತುವಿನ ನಡೆ ಇವೆರಡರಂತೆಯೂ ಅಲ್ಲ. ಸೂರ್ಯಕೇಂದ್ರದಿಂದ ೧೨ ತ್ರಿಜ್ಯಗಳ ದೂರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೧೮೦ ಕಿಲೋಮೀಟರ್. ಚಿತ್ರಗಳು ೧೨ ನಿಮಿಷಗಳಿಗೊಂದರಂತೆ ಬಂದರೆ, ಎರಡರ ನಡುವೆ ಅದು ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು ಸಾಗಿ, ಎರಡು ಮೂರು ಚೌಕಗಳಷ್ಟು ಜರುಗಿರುತ್ತದೆ. ಜೊತೆಗೆ, ಕ್ರೊಯ್ಟ್ಸ್ ಗುಂಪಿನವೆಲ್ಲ ಒಂದೇ ದಾರಿ ಹಿಡಿದು ಬರುವುದರಿಂದ, ವರ್ಷದ ಯಾವ ತಿಂಗಳಿನಲ್ಲಿ ಚಿತ್ರದ ಯಾವ ಮೂಲೆಯಿಂದ ಅವು ಪ್ರವೇಶಿಸುವುವೆಂಬುದನ್ನು ಮುಂಚಿತವಾಗಿಯೇ ತಿಳಿಯಬಹುದು.

ಆದುದರಿಂದ ಶೋಧಕನು ಒಂದು ಚಿತ್ರವನ್ನು ನಂಬುವುದಿಲ್ಲ. ಒಂದೇ ಚುಕ್ಕೆ ಹಲವು ಚಿತ್ರಗಳಲ್ಲಿ ಕ್ರಮವಾಗಿ ಮುಂದುವರಿದಿದೆಯೇ, ವೇಗವೂ ದಿಕ್ಕೂ ಹೊಂದುತ್ತವೆಯೇ ಎಂದು ಪರೀಕ್ಷಿಸಿ, ಸ್ಥಾನಗಳನ್ನೂ ಕಾಲವನ್ನೂ ಗುರುತುಮಾಡಿ ಕಳುಹಿಸಬೇಕು. ಬಹಳ ತಡಮಾಡಿದರೆ ಇನ್ನೊಬ್ಬರು ಮೊದಲು ತಿಳಿಸಿರುತ್ತಾರೆ. ಆತುರಪಟ್ಟರೆ ಚುಕ್ಕೆ ಹುಸಿಯಾಗುತ್ತದೆ. ಈ ವರದಿಗಳನ್ನು ಪರಿಶೀಲಿಸುವ ಯೋಜನೆಯನ್ನು ೨೦೦೩ರಿಂದ ಅಮೆರಿಕದ ನೌಕಾ ಸಂಶೋಧನಾಲಯದ ಕಾರ್ಲ್ ಬ್ಯಾಟಮ್ಸ್ ನೋಡಿಕೊಳ್ಳುತ್ತ ಬಂದರು. ಇಷ್ಟು ಶ್ರಮದ ಬಳಿಕವೂ ಧೂಮಕೇತುವಿಗೆ ದೊರೆಯುವುದು ಸೋಹೋ ಎಂಬ ಹೆಸರೇ ಹೊರತು, ಕಂಡವರ ಹೆಸರಲ್ಲ.

ಆದರೂ ಶೋಧಕರ ಉತ್ಸಾಹ ಕುಂದಲಿಲ್ಲ. ಸೋಹೋ ಚಿತ್ರಗಳಲ್ಲಿ ಸಾವಿರನೆಯ ಧೂಮಕೇತುವನ್ನು ೨೦೦೫ರ ಆಗಸ್ಟಿನಲ್ಲಿ ಗುರುತಿಸಿದವರು ಇಟಲಿಯ ಒಬ್ಬ ಪ್ರೌಢಶಾಲಾ ಉಪಾಧ್ಯಾಯರು. ಎರಡು ಸಾವಿರನೆಯದನ್ನು ೨೦೧೦ರ ಡಿಸೆಂಬರಿನಲ್ಲಿ ಕಂಡವರು ಪೋಲೆಂಡಿನ ಕ್ರಾಕೋವ್ ನಗರದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಮೂರು ಸಾವಿರನೆಯದು ೨೦೧೫ರಲ್ಲಿ ಥಾಯ್ಲೆಂಡಿನ ಹವ್ಯಾಸಿಯೊಬ್ಬರ ಕಣ್ಣಿಗೆ ಬಿದ್ದಿತು. ೨೦೨೪ರ ಮಾರ್ಚಿನಲ್ಲಿ ಐದು ಸಾವಿರನೆಯದನ್ನು ಗುರುತಿಸಿದವರು ಈ ಅಭ್ಯಾಸವನ್ನು ಆರಂಭಿಸಿದ್ದು ತಮ್ಮ ಹದಿಮೂರನೆಯ ವಯಸ್ಸಿನಲ್ಲಿ. ಇವೆಲ್ಲವುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವು ಕ್ರೊಯ್ಟ್ಸ್ ಗುಂಪಿಗೆ ಸೇರಿದವು.

ಅಳಿವಿನಿಂದ ದೊರೆತ ಅರಿವು

ಆವಿಯಾಗಿ ಹೋಗುವ ಚೂರುಗಳನ್ನು ಎಣಿಸುವುದರಿಂದ ಪ್ರಯೋಜನವೇನೆಂದು ಕೇಳಬಹುದು. ಸಣ್ಣ ಕ್ರೊಯ್ಟ್ಸ್ ಧೂಮಕೇತುಗಳ ಹೊಳಪು ಸುಮಾರು ೧೦ರಿಂದ ೧೪ ಸೌರತ್ರಿಜ್ಯಗಳ ದೂರದಲ್ಲಿ ಪರಮಾವಧಿಗೆ ಏರಿ, ಅನಂತರ ಇಳಿಯತೊಡಗುತ್ತದೆ. ೧೨ ತ್ರಿಜ್ಯಗಳ ದೂರದಲ್ಲಿ ಬಿಸಿಲಿನ ತೀವ್ರತೆ ಭೂಮಿಯಲ್ಲಿರುವುದರ ೩೦೦ ಪಟ್ಟಿಗೂ ಹೆಚ್ಚು. ಪ್ರಭಾವಲಯದ ಉಷ್ಣತೆ ಹತ್ತು ಲಕ್ಷ ಡಿಗ್ರಿಗಳನ್ನು ಮೀರಿದ್ದರೂ ಅಲ್ಲಿನ ಅನಿಲ ಬಹಳ ವಿರಳ. ಮಂಜನ್ನು ಕರಗಿಸುವ ಮುಖ್ಯ ಶಕ್ತಿ ಬಿಸಿಲೇ. ಈ ಬಿಸಿಲಿಗೆ ಮಂಜು ಮಾತ್ರವಲ್ಲ, ಧೂಳಿನ ಕಣಗಳೂ ಆವಿಯಾಗುತ್ತವೆ. ಹೀಗಾಗಿಯೇ ಇಕೆಯ–ಸೆಕಿ ಧೂಮಕೇತುವಿನ ರೋಹಿತದಲ್ಲಿ ಕಬ್ಬಿಣ, ನಿಕ್ಕಲ್ ಮುಂತಾದ ಲೋಹಗಳ ರೇಖೆಗಳು ಕಂಡುವು. ಧೂಮಕೇತುವಿನ ಒಡಲಿನ ಕಲ್ಲುಪುಡಿಯನ್ನು ಪರೀಕ್ಷಿಸಲು ಸೂರ್ಯನೇ ನಮಗಾಗಿ ಕುಲುಮೆಯನ್ನು ಹೂಡಿದಂತಾಯಿತು.

ಆಸ್ಟ್ರೇಲಿಯದ ಹವ್ಯಾಸಿ ಟೆರಿ ಲವ್‌ಜಾಯ್ ೨೦೧೧ರ ನವೆಂಬರಿನಲ್ಲಿ ಕಂಡುಹಿಡಿದ ಧೂಮಕೇತು ಡಿಸೆಂಬರ್ ೧೬ರಂದು ಸೂರ್ಯನ ಮೇಲ್ಮೈಯಿಂದ ಸುಮಾರು ೧ ಲಕ್ಷ ೪೦ ಸಾವಿರ ಕಿಲೋಮೀಟರ್ ಎತ್ತರದಲ್ಲಿ ಹಾಯ್ದಿತು. ಅದು ಉಳಿಯಲಾರದೆಂದು ಬಹುಮಂದಿ ಎಣಿಸಿದ್ದರೂ ಇನ್ನೊಂದು ಬದಿಯಿಂದ ಹೊರಬಂದಿತು. ಪ್ರಭಾವಲಯದೊಳಗೆ ಅದರ ಬಾಲ ಅತ್ತಿತ್ತ ಬಳುಕಿದುದರಿಂದ, ಕಣ್ಣಿಗೆ ಕಾಣದ ಕಾಂತಕ್ಷೇತ್ರದ ವಿನ್ಯಾಸ ಪ್ರಕಟವಾಯಿತು. ಯಾವ ವ್ಯೋಮನೌಕೆಯೂ ಹೋಗದಿದ್ದ ಸ್ಥಳಕ್ಕೆ ಧೂಮಕೇತು ಹೋಗಿಬಂದಿತ್ತು. ಆದರೆ ಕೆಲವೇ ದಿನಗಳಲ್ಲಿ ಅದರ ತಿರುಳು ಚದರಿಹೋಯಿತು. ೨೦೧೩ರ ನವೆಂಬರ್ ೨೮ರಂದು ಐಸಾನ್ ಎಂಬ ಬೇರೆ ಮೂಲದ ಧೂಮಕೇತು ಸೂರ್ಯನಿಂದ ಇದಕ್ಕಿಂತ ಎಷ್ಟೋ ಹೆಚ್ಚು ದೂರದಲ್ಲಿ ಹಾಯ್ದರೂ ಪುಡಿಯಾಯಿತು. ಯಾವುದು ಉಳಿಯುವುದು, ಯಾವುದು ಅಳಿಯುವುದು ಎಂಬುದು ದೂರವೊಂದನ್ನೇ ಅವಲಂಬಿಸಿಲ್ಲ. ಗಾತ್ರವೂ ಒಡಲಿನ ಬಿಗಿಯೂ ಗಣನೆಗೆ ಬರುತ್ತವೆ.

ಕೃತಕ ಗ್ರಹಣದ ಈ ವಿದ್ಯೆ ನಮಗೆ ಅಪರಿಚಿತವಲ್ಲ. ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಹೊರಟು, ೨೦೨೪ರ ಜನವರಿಯಲ್ಲಿ ಸೋಹೋ ನೆಲೆಯ ಪ್ರದೇಶವನ್ನೇ ಸೇರಿದ ಆದಿತ್ಯ–ಎಲ್೧ ನೌಕೆಯಲ್ಲಿರುವ ಕರೋನಾಗ್ರಾಫನ್ನು ನಿರ್ಮಿಸಿದುದು ಬೆಂಗಳೂರಿನ ಭಾರತೀಯ ಖಗೋಲ ಭೌತವಿಜ್ಞಾನ ಸಂಸ್ಥೆ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಸೂರ್ಯನ ಬಳಿಯ ಧೂಮಕೇತುವನ್ನು ಬರಿಗಣ್ಣಿನಿಂದಾಗಲಿ ದೂರದರ್ಶಕದಿಂದಾಗಲಿ ಹುಡುಕಲು ಎಂದಿಗೂ ಯತ್ನಿಸಬಾರದು. ಕ್ಷಣಮಾತ್ರದಲ್ಲಿ ದೃಷ್ಟಿ ಹೋದೀತು. ಈ ಕೆಲಸಕ್ಕೆ ಚಿತ್ರಗಳೇ ತಕ್ಕ ಸಾಧನ. ಅದಕ್ಕೆ ಬೆಲೆಬಾಳುವ ಉಪಕರಣವಾಗಲಿ ದೊಡ್ಡ ಪದವಿಯಾಗಲಿ ಬೇಕಿಲ್ಲ. ಬೇಕಾದುದು ಒಂದರ ಪಕ್ಕದಲ್ಲಿ ಮತ್ತೊಂದು ಚಿತ್ರವನ್ನಿಟ್ಟು ನೋಡುವ ತಾಳ್ಮೆ, ಮತ್ತು ತಾನು ಕಂಡ ಚುಕ್ಕೆಯನ್ನು ಮೊದಲು ತಾನೇ ಸಂಶಯಿಸುವ ಪ್ರಾಮಾಣಿಕತೆ. ವಿಜ್ಞಾನದ ಬೇರೆಲ್ಲ ಶಾಖೆಗಳಲ್ಲಿಯೂ ಬೇಕಾದ ಬಂಡವಾಳ ಇದೇ.