ಇ-ಮೇಲ್ ಕಳುಹಿಸಿದವರ ಗುರುತು: ಡೊಮೇನ್ ದಾಖಲೆಗಳ ಪರಿಶೀಲನೆ

ಗ್ರಾಮ ಪಂಚಾಯತಿ ಕಚೇರಿಗೆ ಬರುವ ಕಾಗದದ ಪತ್ರದಲ್ಲಿ ಸಹಿ, ಮೊಹರು ಹಾಗೂ ಪತ್ರ ಸಂಖ್ಯೆ ಇವೆಯೇ ಎಂದು ನೋಡುವುದು ವಾಡಿಕೆ. ಇ-ಮೇಲ್ ಬಂದಾಗ ಮಾತ್ರ ಪರದೆಯ ಮೇಲೆ ಕಾಣುವ ಹೆಸರನ್ನೇ ನಂಬಲಾಗುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ಇ-ಮೇಲ್ ರವಾನೆಯ ನಿಯಮವಾದ ಎಸ್‌ಎಂಟಿಪಿ 1982ರಲ್ಲಿ ಪ್ರಕಟವಾದಾಗ, ಕಳುಹಿಸುವವರ ಗುರುತನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ.

ಪಂಪ್‌ಸೆಟ್ ಪೂರೈಸಿದ ಸಂಸ್ಥೆಯ ಹೆಸರಿನಲ್ಲಿ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಹೊಸ ಖಾತೆಗೆ ಜಮಾ ಮಾಡಿರಿ’ ಎಂಬ ಸಂದೇಶ ಬಂದಿತೆಂದು ಭಾವಿಸೋಣ. ಅದು ಸುಳ್ಳಾಗಿದ್ದರೆ ನಷ್ಟವಾಗುವುದು ಸಾರ್ವಜನಿಕ ಹಣ. ಪಂಚಾಯತಿಯ ಹೆಸರನ್ನೇ ಬಳಸಿ ಗ್ರಾಮಸ್ಥರಿಂದ ತೆರಿಗೆ ಹಣ ಕೇಳುವ ಸಂದೇಶವನ್ನೂ ಇದೇ ರೀತಿ ಸೃಷ್ಟಿಸಬಹುದು. ಇದನ್ನು ತಡೆಯಲು ಮೂರು ದಾಖಲೆಗಳಿವೆ. ಇವುಗಳನ್ನು ಡೊಮೇನ್‌ನ ಒಡೆತನ ಹೊಂದಿದವರು ಡಿಎನ್‌ಎಸ್ ಎಂಬ ಸಾರ್ವಜನಿಕ ವಿಳಾಸ ವಹಿಯಲ್ಲಿ ನಮೂದಿಸುತ್ತಾರೆ. ಯಾರು ಬೇಕಾದರೂ ಓದಬಹುದು.

ಮೂರು ದಾಖಲೆಗಳು

1. ಎಸ್‌ಪಿಎಫ್: ಈ ಡೊಮೇನ್‌ನ ಹೆಸರಿನಲ್ಲಿ ಯಾವ ಯಾವ ಸರ್ವರ್‌ಗಳು ಇ-ಮೇಲ್ ಕಳುಹಿಸಬಹುದು ಎಂಬ ಪಟ್ಟಿ. ಟಪಾಲನ್ನು ಯಾರ ಕೈಯಲ್ಲಿ ಕಳುಹಿಸಲಾಗುತ್ತದೆ ಎಂದು ಮೊದಲೇ ಘೋಷಿಸಿದಂತೆ.

2. ಡಿಕಿಮ್: ಸಂದೇಶಕ್ಕೆ ಡೊಮೇನ್ ಹಾಕುವ ಡಿಜಿಟಲ್ ಮೊಹರು. ಪಾವತಿಗೆ ಬಳಸುವ ಡಿಜಿಟಲ್ ಸಹಿಯ ತತ್ತ್ವವೇ ಇಲ್ಲಿಯೂ ಇದೆ. ಆದರೆ ಇದು ವ್ಯಕ್ತಿಯ ಸಹಿಯಲ್ಲ, ಡೊಮೇನ್‌ನ ಮೊಹರು. ಮೊಹರು ಬಿದ್ದ ಭಾಗವನ್ನು ದಾರಿಯಲ್ಲಿ ತಿದ್ದಿದರೆ ಪರೀಕ್ಷೆಯಲ್ಲಿ ತಿಳಿಯುತ್ತದೆ.

3. ಡಿಮಾರ್ಕ್: ಎಸ್‌ಪಿಎಫ್ ಪರೀಕ್ಷಿಸುವುದು ಹೊರಗಿನ ಲಕೋಟೆಯ ವಿಳಾಸವನ್ನು; ಓದುಗರಿಗೆ ಕಾಣುವುದು ಒಳಗಿನ ಪತ್ರದ ವಿಳಾಸ. ಹೊರಗೆ ಒಂದು, ಒಳಗೆ ಇನ್ನೊಂದು ಇರಲು ಸಾಧ್ಯ. ಆದುದರಿಂದ ಎಸ್‌ಪಿಎಫ್ ಅಥವಾ ಡಿಕಿಮ್‌ನಲ್ಲಿ ತೇರ್ಗಡೆಯಾದ ಡೊಮೇನ್, ಓದುಗರಿಗೆ ಕಾಣುವ ಡೊಮೇನ್‌ಗೆ ಹೊಂದಬೇಕೆಂದು ಡಿಮಾರ್ಕ್ ಕೇಳುತ್ತದೆ. ಹೊಂದದಿದ್ದರೆ ಏನು ಮಾಡಬೇಕೆಂಬುದನ್ನೂ ಹೇಳುತ್ತದೆ: ‘ನನ್’ ಎಂದರೆ ಗಮನಿಸಿ ಬಿಡುವುದು, ‘ಕ್ವಾರಂಟೈನ್’ ಎಂದರೆ ಸಂಶಯದ ಪೆಟ್ಟಿಗೆಗೆ ಹಾಕುವುದು, ‘ರಿಜೆಕ್ಟ್’ ಎಂದರೆ ತಿರಸ್ಕರಿಸುವುದು.

ಸಾಮಾನ್ಯ ದೋಷಗಳು

ದಾಖಲೆ ಇದ್ದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ. ಕೆಳಗಿನ ದೋಷಗಳನ್ನು ಮುಖ್ಯವಾಗಿ ನೋಡಬೇಕು.

• ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ದಾಖಲೆಗಳಿರುವುದು. ಹೊಸ ಸೇವೆ ಪಡೆದಾಗ ಹಳೆಯದನ್ನು ತಿದ್ದದೆ ಇನ್ನೊಂದನ್ನು ಸೇರಿಸುವುದರಿಂದ ಹೀಗಾಗುತ್ತದೆ, ಪರೀಕ್ಷೆಯೇ ವಿಫಲವಾಗುತ್ತದೆ.
• ಎಸ್‌ಪಿಎಫ್ ಪರೀಕ್ಷೆಗೆ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟಗಳು ಬೇಕಾಗುವುದು. ಈ ಮಿತಿ ಮೀರಿದರೂ ಪರೀಕ್ಷೆ ವಿಫಲ.
• ದಾಖಲೆಯ ಕೊನೆಯಲ್ಲಿ ‘ಪ್ಲಸ್ ಆಲ್’ ಇರುವುದು. ಇದು ಲೋಕದ ಎಲ್ಲ ಸರ್ವರ್‌ಗಳಿಗೂ ಅನುಮತಿ ಕೊಟ್ಟಂತೆ. ಉಳಿದವರಿಗೆ ಅನುಮತಿ ಇಲ್ಲವೆಂದು ಹೇಳುವುದು ‘ಮೈನಸ್ ಆಲ್’.
• ಸೇವೆ ನಿಲ್ಲಿಸಿದ ಹಳೆಯ ಗುತ್ತಿಗೆದಾರರ ಸರ್ವರ್ ಪಟ್ಟಿಯಲ್ಲಿ ಉಳಿದಿರುವುದು.
• ಡಿಕಿಮ್ ಕೀಲಿಯನ್ನು ನಕಲು ಮಾಡುವಾಗ ಅಕ್ಷರಗಳು ಬಿಟ್ಟುಹೋಗಿರುವುದು. ಕೀಲಿ ಕನಿಷ್ಠ 1024 ಬಿಟ್ ಇರಬೇಕು. 2048 ಬಿಟ್ ಉತ್ತಮ.
• ಡಿಮಾರ್ಕ್ ವರ್ಷಗಟ್ಟಲೆ ‘ನನ್’ ಹಂತದಲ್ಲಿಯೇ ಇರುವುದು. ವರದಿಗಳನ್ನು ಓದಿ, ನಿಜವಾದ ಸಂದೇಶಗಳು ತೇರ್ಗಡೆಯಾಗುತ್ತಿವೆ ಎಂದು ಖಚಿತಪಡಿಸಿಕೊಂಡು, ಹಂತಹಂತವಾಗಿ ಮುಂದುವರಿಯಬೇಕು. ಅವಸರದಿಂದ ‘ರಿಜೆಕ್ಟ್’ ಮಾಡಿದರೆ ಕಚೇರಿಯ ನಿಜವಾದ ಪತ್ರಗಳೂ ತಲುಪದೆ ಹೋಗಬಹುದು.

ಜಾಲತಾಣಕ್ಕೆ ಮಾತ್ರ ಬಳಸುವ, ಇ-ಮೇಲ್ ಕಳುಹಿಸದ ಡೊಮೇನ್‌ಗೂ ದಾಖಲೆ ಬೇಕು. ಯಾವ ಸರ್ವರನ್ನೂ ಹೆಸರಿಸದೆ ‘ಮೈನಸ್ ಆಲ್’ ಎಂದೂ, ಡಿಮಾರ್ಕ್‌ನಲ್ಲಿ ‘ರಿಜೆಕ್ಟ್’ ಎಂದೂ ನಮೂದಿಸಿದರೆ ಆ ಹೆಸರಿನ ದುರ್ಬಳಕೆಗೆ ತಡೆಯಾಗುತ್ತದೆ.

ದೋಷದ ಪರಿಣಾಮ ವಂಚನೆಗೆ ಮಾತ್ರ ಸೀಮಿತವಲ್ಲ. 2024ರ ಫೆಬ್ರವರಿಯಿಂದ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಸಂದೇಶ ಕಳುಹಿಸುವವರು ಮೂರೂ ದಾಖಲೆಗಳನ್ನು ಹೊಂದಿರಬೇಕೆಂದು ಗೂಗಲ್ ನಿಯಮ ಮಾಡಿದೆ. ಕಡಿಮೆ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು. ಇಲ್ಲದಿದ್ದರೆ ಸಭೆಯ ನೋಟಿಸು ಕೂಡ ಸ್ಪ್ಯಾಮ್ ಪೆಟ್ಟಿಗೆ ಸೇರಬಹುದು.

ಪರಿಶೀಲಿಸುವ ವಿಧಾನ

ಬಂದ ಸಂದೇಶವನ್ನು ಕಂಪ್ಯೂಟರಿನಲ್ಲಿ ಜಿಮೇಲ್ ಮೂಲಕ ತೆರೆದು, ಮೂರು ಚುಕ್ಕಿಗಳ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಆರಿಸಿದರೆ, ಮೂರು ಪರೀಕ್ಷೆಗಳ ಫಲಿತಾಂಶ ‘ಪಾಸ್’ ಅಥವಾ ‘ಫೇಲ್’ ಎಂದು ಕಾಣುತ್ತದೆ. ಸ್ವಂತ ಡೊಮೇನ್‌ನ ದಾಖಲೆಗಳನ್ನು ವಿಂಡೋಸ್‌ನ ‘ಎನ್‌ಎಸ್‌ಲುಕಪ್’ ಆದೇಶದಿಂದ ತಾಂತ್ರಿಕ ಸಿಬ್ಬಂದಿ ಓದಿ ತೋರಿಸಬಹುದು. ಪಂಚಾಯತಿಯು ಜಿಮೇಲ್ ವಿಳಾಸವನ್ನೇ ಬಳಸುತ್ತಿದ್ದರೆ ದಾಖಲೆಗಳ ಹೊಣೆ ಗೂಗಲ್‌ನದು. ಆದರೆ ಪಂಚಾಯತಿಯ ಹೆಸರನ್ನೇ ಹೋಲುವ ಇನ್ನೊಂದು ಜಿಮೇಲ್ ಖಾತೆಯನ್ನು ಯಾರಾದರೂ ತೆರೆಯಬಹುದು. ಅದರ ಸಂದೇಶವೂ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತದೆ.

ಇಲ್ಲಿಯೇ ಈ ಪರೀಕ್ಷೆಯ ಮಿತಿ ಇದೆ. ‘ಪಾಸ್’ ಎಂದರೆ ಸಂದೇಶ ಆ ಡೊಮೇನ್‌ನಿಂದಲೇ ಬಂದಿದೆ ಎಂದಷ್ಟೇ ಅರ್ಥ. ಕಳುಹಿಸಿದವರು ಪ್ರಾಮಾಣಿಕರು ಎಂದಲ್ಲ. ಒಂದು ಅಕ್ಷರ ಬದಲಿಸಿ ಕೊಂಡ ಡೊಮೇನ್ ಅಥವಾ ಕಳುವಾದ ಪಾಸ್‌ವರ್ಡ್ ಈ ಪರೀಕ್ಷೆಗೆ ಸಿಗುವುದಿಲ್ಲ. ಆದುದರಿಂದ ಖಾತೆ ಬದಲಾವಣೆಯ ಕೋರಿಕೆ ಬಂದಾಗ, ಆ ಸಂದೇಶದಲ್ಲಿರುವ ಸಂಖ್ಯೆಗೆ ಅಲ್ಲ, ಕಡತದಲ್ಲಿ ಮೊದಲೇ ಇರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ, ಲಿಖಿತ ದೃಢೀಕರಣ ಪಡೆದ ನಂತರವೇ ಪಾವತಿಸಬೇಕು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ಹಾಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಸಾಮಾನ್ಯ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

1. ಪಂಚಾಯತಿಯ ಹೆಸರಿನಲ್ಲಿ ಯಾವ ಡೊಮೇನ್ ಇದೆ? ಅದರ ಲಾಗಿನ್ ಯಾರ ವಶದಲ್ಲಿದೆ?
2. ಮೂರು ದಾಖಲೆಗಳನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಯಾವುದು?
3. ಡಿಮಾರ್ಕ್ ಯಾವ ಹಂತದಲ್ಲಿದೆ? ವರದಿಗಳನ್ನು ಯಾರು ಓದುತ್ತಾರೆ?
4. ಖಾತೆ ಬದಲಾವಣೆಯ ದೃಢೀಕರಣ ಕಡ್ಡಾಯವೆಂದು ಸಭೆಯ ನಡವಳಿಯಲ್ಲಿ ದಾಖಲಾಗಿದೆಯೇ?